ಸೋಫಾದ ಹಿಂದೆ ಯಾಕೆ ಅಡಗಬೇಕು?

ಬಾಗಿಲು ತಟ್ಟುವ ಸದ್ದು ಕೇಳಿಯೇ ಬಂದವರು ಯಾರೆಂದು ಹೆಟ್ಟಿ ಬ್ರಿಯರ್ಲಿ ಹೇಳಬಲ್ಲಳು. ಅಂಚೆಯವನದು ಒಂದೇ ಪೆಟ್ಟು. ಪಾದ್ರಿಗಳು ಮೆಲ್ಲಗೆ ತಟ್ಟಿ, ಆಮೇಲೆ ಕೆಮ್ಮುತ್ತಾರೆ. ಪಕ್ಕದ ಮನೆಯ ಡಿಲಿಸ್ ತಟ್ಟುವುದೇ ಇಲ್ಲ, ಹಿಂಬಾಗಿಲಿನಿಂದ ನೇರ ಅಡುಗೆಮನೆಗೇ ಬರುತ್ತಾಳೆ. ಆ ಸೋಮವಾರ ಬೆಳಿಗ್ಗೆ ಕೇಳಿದ ಸದ್ದು ಇವರ್ಯಾರದೂ ಆಗಿರಲಿಲ್ಲ.

ಅವಳ ಗಂಡ ಕ್ಲಿಫ್ಫರ್ಡ್ ಲೇಸಿನ ಪರದೆಯನ್ನು ಒಂದು ಬೆರಳಗಲ ಸರಿಸಿ ನೋಡಿದ. ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಮನುಷ್ಯ ಮೆಟ್ಟಿಲ ಮೇಲೆ ನಿಂತಿದ್ದ.

"ಟಿವಿ ಲೈಸೆನ್ಸಿನವನು ಕಣೇ. ಬಗ್ಗು."

ಊರಿನ ಕಹಳೆಗಳ ಬ್ರಾಸ್ ಬ್ಯಾಂಡನ್ನು ಒಂದು ಕಾಲಕ್ಕೆ ಕೋಲು ಹಿಡಿದು ಕುಣಿಸಿದ ಮನುಷ್ಯ, ಎಪ್ಪತ್ತು ದಾಟಿದವನು, ಇಷ್ಟು ಹೇಳಿ ಸೋಫಾದ ಹಿಂದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಏಪ್ರನ್ನಿನ ಚುಂಗು ಹಿಡಿದು ಹೆಂಡತಿಯನ್ನೂ ಎಳೆದುಕೊಂಡ. ತಾನ್ಯಾಕೆ ಬಗ್ಗಬೇಕು ಎಂದು ಹೆಟ್ಟಿ ಕೇಳುವಷ್ಟರಲ್ಲಿ ಒಲೆಯ ಮೇಲಿಟ್ಟ ಕೆಟಲು ಸಿಳ್ಳೆ ಹಾಕತೊಡಗಿತು. ಮನೆಯಲ್ಲಿ ಯಾರೂ ಇಲ್ಲವೆಂದು ನಂಬಿಸಲು ಹೊರಟವರ ಕೆಟಲು ಇಡೀ ಬೀದಿಗೆ ಕೇಳುವಂತೆ ಕೂಗಿತು. ಬಂದವನು ಇನ್ನೊಮ್ಮೆ ತಟ್ಟಿದ, ಬಾಗಿಲ ಕಿಂಡಿಯೊಳಗೆ ಒಂದು ಚೀಟಿ ತೂರಿಸಿದ, ಹೊರಟುಹೋದ.

ಕೆಟಲಿನ ಅರಚಾಟ ತಡೆಯಲಾರದೆ ಡಿಲಿಸ್ ಹಿಂಬಾಗಿಲಿನಿಂದ ಬಂದು ಒಲೆ ಆರಿಸಿದಳು. ನೋಡಿದರೆ ಸೋಫಾದ ಹಿಂದೆ ಎರಡು ನರೆತಲೆ.

"ಏನು ಹುಡುಕ್ತಿದ್ದೀರಿ ಅಲ್ಲಿ?" ಎಂದಳು.

"ಕೋಟಿನ ಗುಂಡಿ ಬಿತ್ತು," ಎಂದ ಕ್ಲಿಫ್ಫರ್ಡ್.

"ಇಬ್ಬರದೂ ಒಟ್ಟಿಗೇ ಬಿತ್ತಾ?"

ಕ್ಲಿಫ್ಫರ್ಡನ ಮಂಡಿ ಹಿಡಿದುಕೊಂಡಿತ್ತು. ಇಬ್ಬರು ಹೆಂಗಸರು ತೋಳು ಕೊಟ್ಟು ಅವನನ್ನು ಎಬ್ಬಿಸಿದರು. ಎದ್ದವನು ಯಾರ ಮುಖವನ್ನೂ ನೋಡಲಿಲ್ಲ.

ಇಷ್ಟಕ್ಕೂ ಈ ದಂಪತಿ ಮಾಡಿದ ತಪ್ಪೇನು? ಏನೂ ಇಲ್ಲ. ಆ ದೇಶದಲ್ಲಿ ಟಿವಿ ನೋಡುವ ಮನೆಯವರು ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸು ಪಡೆಯಬೇಕು. ಮೊದಲು ಇವರು ಟಿವಿ ನೋಡುತ್ತಿದ್ದರು, ಲೈಸೆನ್ಸನ್ನೂ ತಪ್ಪದೆ ಕಟ್ಟುತ್ತಿದ್ದರು. ಸಂಜೆಯ ವಾರ್ತೆ ಬಂದರೆ ಕ್ಲಿಫ್ಫರ್ಡ್ ಟಿವಿಯ ಪರದೆಗೇ ಬೈಯುತ್ತಿದ್ದ, ರಕ್ತದೊತ್ತಡ ಏರುತ್ತಿತ್ತು. ಉಪ್ಪು ಬಿಡು, ಇಲ್ಲವೇ ವಾರ್ತೆ ಬಿಡು ಎಂದರು ಡಾಕ್ಟರು. ಅವನು ವಾರ್ತೆ ಬಿಟ್ಟ. ಹೆಟ್ಟಿಗಂತೂ ರೇಡಿಯೋ ಸಾಕು. ಆಂಟೆನಾದ ತಂತಿ ಕಿತ್ತರು, ಲೈಸೆನ್ಸು ನಿಲ್ಲಿಸಿದರು. ಟಿವಿ ಪೆಟ್ಟಿಗೆ ಮಾತ್ರ ಉಳಿಯಿತು, ಬುಧವಾರಗಳಿಗಾಗಿ.

ಆ ಬುಧವಾರಗಳ ವಿಷಯ ಹೇಳಲೇಬೇಕು. ಬ್ಯಾಂಡಿನ ಅಭ್ಯಾಸದ ಕೋಣೆ ಇರುವುದು ಕ್ರಾಗ್‌ಶಾ ಊರಿನ ಗುಡ್ಡದ ಮೇಲೆ. ಮಂಡಿ ಸೋತ ಮೇಲೆ ಕ್ಲಿಫ್ಫರ್ಡ್ ಅಲ್ಲಿಗೆ ಹತ್ತಲಾರ. ಅವನು ಹತ್ತಲಾರನೆಂದು ಹಳೆಯ ಬ್ಯಾಂಡಿನವರೇ ಬುಧವಾರ ಮಧ್ಯಾಹ್ನ ಅವನ ಮನೆಗೆ ಇಳಿದು ಬರುತ್ತಾರೆ. ಸ್ಪರ್ಧೆಗಳ ಹಳೆಯ ಡಿವಿಡಿ ಹಾಕುತ್ತಾರೆ. ಕ್ಲಿಫ್ಫರ್ಡ್ ಚಮಚ ಹಿಡಿದು ಕೂತಲ್ಲೇ ತಾಳ ಹಾಕುತ್ತಾನೆ. ಟ್ರೊಂಬೋನ್ ಊದುತ್ತಿದ್ದ ವಿಲ್ಫ್ ಎಂದೋ ಅವಸರ ಮಾಡಿದ ಜಾಗ ಬಂದಾಗಲೆಲ್ಲ ಅವನ ಕಡೆ ಚಮಚ ಚಾಚುತ್ತಾನೆ. ಎಲ್ಲರೂ ನಗುತ್ತಾರೆ. ಮನೆಯೊಳಗೇ ಕೂರುವುದಾದರೂ ಆ ದಿನ ಅವನು ಶೂ ಪಾಲಿಶ್ ಮಾಡಿಕೊಳ್ಳುತ್ತಾನೆ. ಆ ಹೊಳೆಯುವ ಶೂಗಳನ್ನು ನೋಡಿದರೆ ಹೆಟ್ಟಿಗೆ ಒಳಗೊಳಗೇ ಹೆಮ್ಮೆ.

ಹೀಗಿರುವಾಗ ಕಾಗದಗಳು ಬರತೊಡಗಿದ್ದವು. ಈ ಮನೆಗೆ ಲೈಸೆನ್ಸಿಲ್ಲ, ತಪಾಸಣೆಗೆ ಬರಬಹುದು ಎಂದು ದಪ್ಪಕ್ಷರದಲ್ಲಿ ಇರುತ್ತಿತ್ತು. ಕ್ಲಿಫ್ಫರ್ಡ್ ಅವನ್ನು ಮಡಿಚಿ ಬ್ರೆಡ್ಡಿನ ಡಬ್ಬದ ಕೆಳಗೆ ಇಡುತ್ತಿದ್ದ. ಅವನ ಬಾಲ್ಯದಲ್ಲಿ ಕದ್ದು ಟಿವಿ ನೋಡುವವರನ್ನು ಪತ್ತೆ ಹಚ್ಚುವ ಲೈಸೆನ್ಸಿನ ವ್ಯಾನು ಬೀದಿಗೆ ಬಂತೆಂದರೆ ಅಪ್ಪ ಟಿವಿ ಆರಿಸಿ ಮಕ್ಕಳನ್ನೆಲ್ಲ ಸೋಫಾದ ಹಿಂದೆ ಅದುಮಿ ಕೂರಿಸುತ್ತಿದ್ದ. ಅಪ್ಪನಿಗೆ ಹೆದರಲು ಕಾರಣವಿತ್ತು, ಅವನು ನಿಜವಾಗಿಯೂ ಲೈಸೆನ್ಸಿಲ್ಲದೆ ನೋಡುತ್ತಿದ್ದ. ಮಗನಿಗೆ ಬಂದದ್ದು ಬರೀ ಹೆದರಿಕೆ.

ಹೆಟ್ಟಿಯ ಸಂಕಟ ಬೇರೆ. ಆ ಸಾಲುಮನೆಗಳ ಬೀದಿಯಲ್ಲಿ ಹಿಂದೆ ಪ್ರತಿ ಮನೆಯ ಹೆಂಗಸೂ ಶುಕ್ರವಾರ ಮಂಡಿಯೂರಿ ಮುಂಬಾಗಿಲಿನ ಕಲ್ಲು ಹೊಸ್ತಿಲನ್ನು ಉಜ್ಜುತ್ತಿದ್ದಳು. ಉಜ್ಜುಗಲ್ಲಿನಿಂದ ಅಂಚಿಗೆ ಒಂದು ಬಿಳಿ ಗೆರೆ ಎಳೆಯುತ್ತಿದ್ದಳು. ಈಗ ಆ ಗೆರೆ ಇರುವುದು ಹೆಟ್ಟಿಯ ಮನೆಗೆ ಮಾತ್ರ. ಹಾಗೆ ಬೆಳಗಿದ ಹೊಸ್ತಿಲ ಮುಂದೆ ಕಳ್ಳರನ್ನು ಹುಡುಕುವವನಂತೆ ಒಬ್ಬ ಬಂದು ನಿಂತ, ಎದುರುಮನೆಯವರು ಪರದೆ ಸರಿಸಿ ನೋಡಿಯೇ ಇರಬೇಕು. ಅವಳಿಗೆ ನಾಚಿಕೆಯಾಯಿತು.

ಅಂದೇ ಸಂಜೆ ಕ್ಲಿಫ್ಫರ್ಡ್ ತೀರ್ಮಾನ ಹೇಳಿದ. ಟಿವಿ ಪೆಟ್ಟಿಗೆಯನ್ನು ಹಿತ್ತಲ ಕಲ್ಲಿದ್ದಲಿನ ಗೂಡಿಗೆ ಹಾಕುವುದು. ಬುಧವಾರ ಬರಬೇಡಿ ಎಂದು ಬ್ಯಾಂಡಿನವರಿಗೆ ಹೇಳಿಕಳಿಸುವುದು. ಪೆಟ್ಟಿಗೆ ಮನೆಯಲ್ಲಿರುವುದೇ ತಪ್ಪು, ಅದಿಲ್ಲದಿದ್ದರೆ ಯಾರೂ ಕೇಳುವುದಿಲ್ಲ ಎಂದ. ಹೇಳಿದವನು ಮೂಲೆಯಲ್ಲಿದ್ದ ಪಾಲಿಶ್ ಡಬ್ಬಿ, ಶೂ ಎರಡನ್ನೂ ಎತ್ತಿ ಕಪಾಟಿನ ಒಳಗಿಟ್ಟು ಬಾಗಿಲು ಹಾಕಿದ. ಆ ಬಾಗಿಲು ಹಾಕಿದ್ದನ್ನು ಹೆಟ್ಟಿಗೆ ನೋಡಲಾಗಲಿಲ್ಲ. ಮಾರನೆಯ ದಿನ ಬೆಳಿಗ್ಗೆಯೇ ಡಿಲಿಸ್‌ಳನ್ನು ಚಹಾಕ್ಕೆ ಕರೆದಳು.

ಡಿಲಿಸ್ ವೇಲ್ಸ್ ಕಡೆಯವಳು, ಬಾಯಿ ಜೋರು. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಈಗಲೂ ಅಲ್ಲಿ ಜನರಿಗೆ ಸಲಹೆ ಹೇಳುವ ಮೇಜಿನಲ್ಲಿ ಕೂರುತ್ತಾಳೆ. ಟಿವಿ ಇಟ್ಟುಕೊಳ್ಳುವುದು ತಪ್ಪೇ ಎಂದು ಹೆಟ್ಟಿ ಕೇಳಿದ್ದಕ್ಕೆ ಅವಳು ಕ್ಲಿಫ್ಫರ್ಡನ ಕಡೆ ತಿರುಗಿದಳು.

"ಮನೇಲಿ ಟಿವಿ ಇದ್ರೆ ತಪ್ಪಲ್ಲ ಕಣೋ. ಅದರಲ್ಲಿ ನೀನು ಏನು ನೋಡ್ತೀಯ ಅನ್ನೋದೇ ಲೆಕ್ಕ. ಡಿವಿಡಿ ನೋಡು, ಲೈಸೆನ್ಸ್ ಬೇಡ. ರೇಡಿಯೋ ಕೇಳು, ಬೇಡ. ಟಿವೀಲಿ ಬರ್ತಾ ಇರೋದನ್ನ ಆಗಲೇ ನೋಡಿದ್ರೆ ಬೇಕು, ಯಾವ ಚಾನೆಲ್ಲಾದ್ರೂ ಸರಿ. ಅದನ್ನ ಹಿಡಿದಿಟ್ಟುಕೊಂಡು ಆಮೇಲೆ ನೋಡಿದ್ರೂ ಬೇಕು. ಇಂಟರ್ನೆಟ್ಟಿನಲ್ಲಿ ಬಿಬಿಸಿ ಐಪ್ಲೇಯರ್ ನೋಡಿದ್ರೂ ಬೇಕು."

ಕ್ಲಿಫ್ಫರ್ಡ್ ಅಷ್ಟಕ್ಕೆ ಒಪ್ಪುವ ಆಸಾಮಿಯಲ್ಲ. ಬಂದವನು ಒಳಗೆ ನುಗ್ಗಿದರೆ ಏನು ಮಾಡುವುದು ಎಂದ.

"ನುಗ್ಗೋ ಹಾಗಿಲ್ಲ. ಬಾಗಿಲು ತಟ್ಟಬಹುದು, ಕೇಳಬಹುದು, ಅಷ್ಟೆ. ನೀವು ಬನ್ನಿ ಅಂದ್ರೆ ಮಾತ್ರ ಒಳಗೆ. ಇಲ್ಲ ಅಂದ್ರೆ ಕೋರ್ಟಿನ ವಾರಂಟ್ ತರಬೇಕು. ವಾರಂಟ್ ತಂದ್ರೆ ಅಡ್ಡ ನಿಲ್ಲಬೇಡಿ, ಓದಿ ನೋಡಿ ದಾರಿ ಬಿಡಿ. ವಾರಂಟ್ ಇಲ್ದೆ ಬಂದವನಿಗೆ ಉತ್ತರ ಕೊಡಲೇಬೇಕು ಅಂತಾನೂ ಇಲ್ಲ."

"ಅಲ್ಲ, ಮಳೇಲಿ ನಿಂತವನಿಗೆ ಒಳಗೆ ಬಾ ಅನ್ನದೆ ಹೇಗಿರೋದು?" ಎಂದಳು ಹೆಟ್ಟಿ. ಅವಳಿಗೆ ಕಾನೂನಿಗಿಂತ ಇದೇ ದೊಡ್ಡ ಕಷ್ಟ. ಬಾಗಿಲಿಗೆ ಬಂದವರನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಮಾತನಾಡಿದ ಹೆಂಗಸು ಆ ಬೀದಿಯಲ್ಲಿ ಎಂದೂ ಒಳ್ಳೆಯವಳು ಎನಿಸಿಕೊಂಡಿಲ್ಲ.

ಡಿಲಿಸ್ ನಕ್ಕಳು. "ನೀನೇ ಉಜ್ಜಿದ ಹೊಸ್ತಿಲು ಕಣೇ ಅದು. ಅದರೊಳಗೆ ಯಾರು ಬರಬೇಕು ಅನ್ನೋದು ನಿನ್ನಿಷ್ಟ. ಬೇಡ ಅನ್ನೋದನ್ನೂ ಮರ್ಯಾದೆಯಾಗೇ ಹೇಳಬಹುದು."

ಆಮೇಲೆ ಡಿಲಿಸ್ ಇನ್ನೊಂದು ಮಾತು ಕೇಳಿದಳು. "ನಿಜ ಹೇಳು ಕ್ಲಿಫ್. ನೇರ ಪ್ರಸಾರ ಏನೂ ನೋಡಲ್ಲ ತಾನೆ?"

ಇಲ್ಲವೇ ಇಲ್ಲ ಎಂದ ಅವನು. ಮತ್ತೆ ತಲೆ ಕೆರೆದುಕೊಂಡ. ಶನಿವಾರ ಫುಟ್‌ಬಾಲ್ ಫೈನಲ್ ಇದೆ, ಮಗಳು ಕೊಟ್ಟ ಟ್ಯಾಬ್ಲೆಟ್‌ನಲ್ಲಿ ಅದೊಂದನ್ನು ನೋಡೋಣ ಎಂದಿದ್ದೇನೆ, ಅದೇನು ಟಿವಿ ಅಲ್ಲವಲ್ಲ ಎಂದು ದನಿ ತಗ್ಗಿಸಿದ.

ಪೆಟ್ಟಿಗೆ ಯಾವುದಾದರೇನು, ಪಂದ್ಯ ನಡೆಯುತ್ತಿರುವಾಗಲೇ ಟಿವಿ ಪ್ರಸಾರವನ್ನು ನೋಡಿದರೆ ಲೈಸೆನ್ಸು ಬೇಕೇ ಬೇಕು, ಸಿಕ್ಕಿಬಿದ್ದರೆ ಕೋರ್ಟು, ದಂಡ ಎಂದಳು ಡಿಲಿಸ್. ಕ್ಲಿಫ್ಫರ್ಡನ ಮುಖ ಚಿಕ್ಕದಾಯಿತು. ಅವನ ಮೆಚ್ಚಿನ ತಂಡದ ಬಣ್ಣದ ಮಫ್ಲರು ಕುರ್ಚಿಯ ಮೇಲೇ ಇತ್ತು. ಅವನು ಮಫ್ಲರನ್ನು ಒಮ್ಮೆ ಸವರಿದ.

"ಹಾಗಾದ್ರೆ ಬೇಡ. ರೇಡಿಯೋದಲ್ಲಿ ಕೇಳ್ತೀನಿ. ನಾನು ನೋಡಲ್ಲ ಅಂತ ಹೇಳಿದ್ರೆ ಅದು ನಿಜ ಆಗಿರಬೇಕು."

ಮದುವೆಯಾದ ಹೊಸದರಲ್ಲಿ ಬ್ಯಾಂಡಿನ ಮುಂದೆ ನಿಂತವನನ್ನು ನೋಡಿ ಹೆಟ್ಟಿಗೆ ಎಷ್ಟು ಹೆಮ್ಮೆಯಾಗಿತ್ತೋ ಆಗಲೂ ಅಷ್ಟೇ ಆಯಿತು. ಅದನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಅವರಲ್ಲಿಲ್ಲ. ಅವನ ತಟ್ಟೆಗೆ ಇನ್ನೊಂದು ತುಂಡು ಶುಂಠಿ ಕೇಕು ಹಾಕಿದಳು.

ಡಿಲಿಸ್ ಪಕ್ಕದಲ್ಲಿ ಕೂತು, ಅದೇ ಟ್ಯಾಬ್ಲೆಟ್‌ನಲ್ಲಿ ಲೈಸೆನ್ಸು ಕಚೇರಿಯ ಪುಟ ತೆರೆಸಿ, ನಮಗೆ ಲೈಸೆನ್ಸಿನ ಅಗತ್ಯವಿಲ್ಲ ಎಂದು ಅವರಿಂದಲೇ ಬರೆಸಿ ಕಳಿಸಿದಳು. ತಿಳಿಸಲೇಬೇಕೆಂಬ ಕಡ್ಡಾಯವಿಲ್ಲ, ತಿಳಿಸಿದರೆ ಕಾಗದಗಳ ಕಾಟ ತಗ್ಗುತ್ತದೆ, ಕೆಲಕಾಲದ ಮೇಲೆ ಮತ್ತೆ ಕೇಳುತ್ತಾರೆ, ನಿಜವೇ ಎಂದು ನೋಡಲು ಯಾರಾದರೂ ಬಂದರೂ ಬರಬಹುದು ಎಂದಳು. ಹೋಗುವಾಗ ಕಪಾಟು ತೆರೆದು ಶೂ ಜೋಡಿಯನ್ನು ಎತ್ತಿ ಕ್ಲಿಫ್ಫರ್ಡನ ಕಾಲ ಬಳಿ ಇಟ್ಟುಹೋದಳು.

ಬುಧವಾರ ಬಂತು. ಮಳೆಯೂ ಬಂತು. ವಿಲ್ಫ್ ಮತ್ತು ಇನ್ನಿಬ್ಬರು ಗೆಳೆಯರು ಒದ್ದೆ ಟೋಪಿಗಳನ್ನು ಒಲೆಯ ಬಳಿ ಹರವಿ ಕೂತರು. ಡಿವಿಡಿ ತಿರುಗಿತು, ಕಹಳೆಗಳು ಮೊಳಗಿದವು, ಕ್ಲಿಫ್ಫರ್ಡನ ಚಮಚ ಮೇಲೆದ್ದಿತು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಅದೇ ಸೋಮವಾರದ ಸದ್ದು. ಕಚೇರಿಗೆ ತಿಳಿಸಿ ಒಂದೇ ದಿನ, ಅಲ್ಲಿನ ಕೆಲಸ ಅಷ್ಟು ಬೇಗ ಸಾಗುವುದಿಲ್ಲವಲ್ಲ.

ವಿಲ್ಫ್ ಪಾಪ, ಯಾರೂ ಹೇಳದೆಯೇ ಸೋಫಾದಿಂದ ಜಾರಿ ಹಿಂದಕ್ಕೆ ಸರಿಯತೊಡಗಿದ. ಕ್ಲಿಫ್ಫರ್ಡನ ಕೈ ರಿಮೋಟಿನ ಕಡೆ ಹೋಯಿತು. ಇವತ್ತು ಇದು ಆರಿದರೆ ಈ ಮನೆಯಲ್ಲಿ ಮತ್ತೆಂದೂ ಮೊಳಗುವುದಿಲ್ಲ ಎಂದು ಹೆಟ್ಟಿಗೆ ಅನ್ನಿಸಿತು.

"ಆರಿಸ್ಬೇಡ ಕ್ಲಿಫ್," ಎಂದಳು. "ಸದ್ದೂ ಕಮ್ಮಿ ಮಾಡ್ಬೇಡ."

ಏಪ್ರನ್ ಬಿಚ್ಚಿಟ್ಟು, ಕೂದಲು ಒಪ್ಪ ಮಾಡಿಕೊಂಡು ಹೋಗಿ ಬಾಗಿಲನ್ನು ಪೂರ್ತಿ ತೆರೆದಳು. ಮೊದಲು ಗುರುತಿನ ಚೀಟಿ ತೋರಿಸಿ ಎಂದಳು. ಆ ಮನುಷ್ಯ ತೋರಿಸಿದ. ಸೌಮ್ಯವಾದ ಮುಖ, ಕೋಟು ತೊಯ್ದು ತೊಪ್ಪೆಯಾಗಿತ್ತು.

"ಒಳಗೆ ಟಿವಿ ಓಡ್ತಿದೆಯಲ್ಲ ಮೇಡಂ," ಎಂದ.

"ಓಡ್ತಿದೆಯಪ್ಪಾ. ಡಿವಿಡಿ ಅದು, ನನ್ನ ಗಂಡನ ಬ್ಯಾಂಡಿಂದು. ನಾವು ನೇರ ಪ್ರಸಾರ ನೋಡಲ್ಲ. ಹಾಗಂತ ಕಚೇರಿಗೂ ತಿಳಿಸಿದ್ದೀವಿ."

ಒಂದು ನಿಮಿಷ ಒಳಗೆ ಬಂದು ನೋಡಬಹುದೇ ಎಂದು ಅವನು ಕೇಳಿದ. ಅವನ ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬನ್ನಿ ಎಂಬ ಮಾತು ಹೆಟ್ಟಿಯ ನಾಲಿಗೆಯ ತುದಿಗೆ ಬಂತು. ಜೀವಮಾನವಿಡೀ ಆಡಿದ ಮಾತು ಅದು. ಅವಳು ಕೆಳಗೆ ನೋಡಿದಳು. ಮಳೆಯಲ್ಲೂ ಬಿಳಿ ಗೆರೆ ಕಾಣುತ್ತಿತ್ತು.

"ಬೇಡಪ್ಪಾ. ತಪ್ಪು ತಿಳೀಬೇಡ. ಇದು ನಮ್ಮ ಮನೆ, ಒಳಗೆ ಯಾರನ್ನ ಕರೀಬೇಕು ಅನ್ನೋದು ನಮ್ಮಿಷ್ಟ. ಹಾಗಂತ ನಿನ್ನನ್ನ ಬರಿಗೈಲಿ ಕಳಿಸಲ್ಲ. ಅಲ್ಲೇ ನಿಂತಿರು."

ಹೋಗಿ ನೆಂಟರಿಗೆಂದು ಇಟ್ಟ ಹೂವಿನ ಚಿತ್ತಾರದ ಬಟ್ಟಲಿನಲ್ಲಿ ಚಹಾ ತಂದಳು, ತಟ್ಟೆಯಲ್ಲಿ ಶುಂಠಿ ಕೇಕಿನ ತುಂಡೂ ಇತ್ತು. ಹೊಸ್ತಿಲಾಚೆಗೆ ಕೈ ಚಾಚಿ ಕೊಟ್ಟಳು. ಅವನು ಅಲ್ಲೇ ನಿಂತು ಕುಡಿದ. ಒಳಗೆ ಬಿಡುವುದು ಬಿಡದಿರುವುದು ನಿಮ್ಮ ಹಕ್ಕು ಮೇಡಂ, ನೀವು ಹೇಳಿದ್ದನ್ನು ಬರೆದುಕೊಳ್ಳುತ್ತೇನೆ ಎಂದ. ಹಿಂದಿನಿಂದ ಶೂಗಳ ಸದ್ದಾಯಿತು. ಕ್ಲಿಫ್ಫರ್ಡ್ ಬಂದು ಹೆಂಡತಿಯ ಪಕ್ಕದಲ್ಲಿ ನಿಂತ. ಎದೆ ಸೆಟೆದಿತ್ತು, ಚಮಚ ಕೈಯಲ್ಲೇ ಇತ್ತು.

"ಈಗ ಬರ್ತಿರೋದು ನಾವು ಬಹುಮಾನ ಗೆದ್ದ ಭಾಗ," ಎಂದ. "ಇಲ್ಲಿಂದಲೇ ಕೇಳಿಸುತ್ತೆ, ಕೇಳಿ ಹೋಗಿ."

ಆ ಮನುಷ್ಯ ಕೇಳಿಯೇ ಹೋದ. ಬಟ್ಟಲು ಹಿಂದಿರುಗಿಸುವಾಗ, ತನಗೆ ಇದುವರೆಗೆ ಮೆಟ್ಟಿಲ ಮೇಲೆ ಯಾರೂ ಹೂವಿನ ಬಟ್ಟಲಲ್ಲಿ ಚಹಾ ಕೊಟ್ಟಿರಲಿಲ್ಲ ಎಂದ.

ಎದುರುಮನೆಯ ಪರದೆ ಅಷ್ಟು ಹೊತ್ತೂ ಅಲುಗುತ್ತಲೇ ಇತ್ತು. ಸಂಜೆ ಆ ಮನೆಯ ಮ್ಯೂರಿಯೆಲ್ ತಲೆಗೆ ವಸ್ತ್ರ ಕಟ್ಟಿಕೊಂಡು ಬೀದಿ ದಾಟಿ ಬಂದಳು. ಏನು ಅಂದುಕೊಂಡಳೋ ಎಂದು ಹೆಟ್ಟಿ ಅಳುಕುತ್ತಲೇ ಬಾಗಿಲು ತೆರೆದಳು.

"ಹೆಟ್ಟಿ, ಅವನ ಹತ್ರ ಹಾಗೆ ಬಾಗಿಲಲ್ಲೇ ಮಾತಾಡೋದನ್ನ ನನಗೂ ಹೇಳಿಕೊಡೇ," ಎಂದಳು ಮ್ಯೂರಿಯೆಲ್. "ನಾನೂ ಟಿವಿ ನೋಡಲ್ಲ. ಸೋಮವಾರ ಅವನು ನಮ್ಮ ಬಾಗಿಲಿಗೂ ಬಂದಿದ್ದ. ನಾನೂ ಸೋಫಾದ ಹಿಂದೇನೇ ಇದ್ದೆ."

ಹೆಟ್ಟಿ ಅವಳನ್ನು ಒಳಗೆ ಬಾ ಎಂದು ಕರೆದಳು. ಕರೆಯುವುದು ಅವಳ ಇಷ್ಟವಾಗಿತ್ತು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಬಾಗಿಲನ್ನೂ ಒಂದು ದಿನ ತಟ್ಟಬಹುದು. ಅದಕ್ಕೆ ಮೊದಲು ಕ್ಲಿಫ್ಫರ್ಡನಂತೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಫೋನಿನಲ್ಲಾಗಲಿ ಟ್ಯಾಬ್ಲೆಟ್‌ನಲ್ಲಾಗಲಿ ನೇರ ಪ್ರಸಾರವನ್ನೋ ಬಿಬಿಸಿ ಐಪ್ಲೇಯರನ್ನೋ ನೋಡುತ್ತಿದ್ದರೆ ಲೈಸೆನ್ಸು ಪಡೆಯಿರಿ, ಅದರಲ್ಲಿ ಎರಡು ಮಾತಿಲ್ಲ. ನೋಡುವುದಿಲ್ಲವೆಂದರೆ ಹಾಗೆಂದು ಕಚೇರಿಗೆ ತಿಳಿಸಿ. ಗೊಂದಲವಿದ್ದರೆ ಊರಿನ ಗ್ರಂಥಾಲಯಕ್ಕೋ ಸಲಹಾ ಕೇಂದ್ರಕ್ಕೋ ಹೋಗಿ ಕೇಳಿ, ನಿಯಮಗಳು ಬದಲಾಗುತ್ತಿರುತ್ತವೆ. ಬಂದವರ ಗುರುತಿನ ಚೀಟಿ ನೋಡಿ, ಮರ್ಯಾದೆಯಿಂದ ಮಾತನಾಡಿ. ಅವರೂ ದುಡಿದು ತಿನ್ನುವವರೇ, ಅವರ ಮೇಲೆ ರೇಗಬೇಡಿ. ಒಳಗೆ ಕರೆಯುವುದು ಬಿಡುವುದು ನಿಮಗೆ ಸೇರಿದ್ದು. ಸೋಫಾ ಇರುವುದು ಕೂರುವುದಕ್ಕೆ. ಬಾಗಿಲು ತಟ್ಟಿದರೆ ಅದರಿಂದ ಎದ್ದು ಹೋಗಿ, ತೆರೆದು, ನಿಮ್ಮ ಹೊಸ್ತಿಲಲ್ಲಿ ನೀವು ನೆಟ್ಟಗೆ ನಿಲ್ಲಿ.