ಒಬ್ಬರ ಕೈಗೆ ಎಟುಕದ ಹಲಗೆ

ಪದ್ಯ ಮುಗಿದೊಡನೆ ಕರಿಬಸಪ್ಪನವರ ಬಲಗೈ ತೆರೆದ ಪುಸ್ತಕದ ಮೇಲೆ ಅಂಗಾತ ಮಲಗುತ್ತಿತ್ತು. ಇನ್ನು ನಿಮ್ಮದು ಎಂಬ ಸನ್ನೆ ಅದು. ಪಕ್ಕದಲ್ಲಿ ಕುಳಿತ ಅಳಸಿಂಗಾಚಾರ್ಯರು ಆ ಅಂಗೈಯನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು, ಅರ್ಥ ಹೇಳಲು ತೊಡಗುತ್ತಿದ್ದರು. ಒಬ್ಬರು ಹಾಡಿ ಓದುವುದು, ಇನ್ನೊಬ್ಬರು ವಿವರಿಸುವುದು. ಊರಿನ ಹಳೆಯ ಛತ್ರದ ಪಡಸಾಲೆಯಲ್ಲಿ ನಲವತ್ತು ವರ್ಷ ಸಂಜೆಯ ಕಾವ್ಯ ಹೀಗೆಯೇ ನಡೆದಿತ್ತು. ಕಂಬಕ್ಕೊರಗಿ ಅದನ್ನು ಕೇಳುತ್ತ ನಾನು ಬೆಳೆದೆ. ಅಂಗೈ ತೆರೆದ ಮೇಲೆ, ಮಾತು ಹೊರಡುವ ಮೊದಲು ಒಂದು ಕ್ಷಣದ ಮೌನವಿರುತ್ತಿತ್ತು. ದೇವರಿಗೆ ನಾನು ಮನಸ್ಸಿನಲ್ಲಿ ಕೈಮುಗಿಯುತ್ತಿದ್ದುದು ಆಗ.

ಒಂದು ಸಂಜೆ ಅದು ತಪ್ಪಿತು. ಯುದ್ಧದ ಭಾಗ ನಡೆದಿತ್ತು. ಸಾರಥಿ ಶತ್ರುಸೇನೆಯ ನಡುವೆ ರಥ ನುಗ್ಗಿಸುವ ಪದ್ಯ. ಅರ್ಥ ಹೇಳುತ್ತ ಹೇಳುತ್ತ ಆಚಾರ್ಯರು ತಮ್ಮ ಬಾಲ್ಯದ ಯಾವುದೋ ಹಳ್ಳದ ಕಡೆಗೆ ಹೊರಟುಹೋದರು. ಜನ ಆಕಳಿಸಿದರು. ಆಚಾರ್ಯರು ಹಳ್ಳಕ್ಕೆ ಇಳಿದಿದ್ದರಷ್ಟೇ, ಕರಿಬಸಪ್ಪನವರು ಮುಂದಿನ ಪದ್ಯ ಎತ್ತಿಕೊಂಡುಬಿಟ್ಟರು. ಆಚಾರ್ಯರು ತೆರೆದ ಬಾಯಿ ಮುಚ್ಚಿ, ಶಲ್ಯ ಕೊಡವಿ ಎದ್ದು ಹೋದರು.

ಮೂರು ದಿನ ಕರಿಬಸಪ್ಪನವರು ಒಬ್ಬರೇ ಓದಿದರು. ರಥ ಶತ್ರುಸೇನೆಯನ್ನು ದಾಟುವ ಮೊದಲೇ, ನಾಲ್ಕನೆಯ ದಿನ, ಓದೂ ನಿಂತಿತು. ಕಾವ್ಯವನ್ನು ರಣರಂಗದ ನಡುವೆ ನಿಲ್ಲಿಸಬಾರದು, ಮಂಗಳದ ಪದ್ಯ ಮುಟ್ಟಿಸಿಯೇ ಪುಸ್ತಕ ಕಟ್ಟಿಡಬೇಕು ಎಂಬುದು ನಮ್ಮಲ್ಲಿನ ನಂಬಿಕೆ. ಎರಡು ತಿಂಗಳಾದರೂ ಆ ರಥ ವೈರಿಗಳ ನಡುವೆಯೇ ನಿಂತಿತ್ತು. ದೇವರ ಮುಂದೆ ದೀಪ ಹಚ್ಚಲು ಹೋದರೂ ನನಗೆ ಅದೇ ಕಣ್ಣಿಗೆ ಕಟ್ಟುತ್ತಿತ್ತು.

ನನ್ನದು ರೇಡಿಯೋ, ಟಿವಿ ರಿಪೇರಿ ಅಂಗಡಿ. ಅಪ್ಪನ ನಂತರ ನಾನೇ ನೋಡಿಕೊಳ್ಳುತ್ತಿದ್ದೆ. ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಹಳೆಯ ವಿಡಿಯೋ ಗೇಮ್ ಒಂದು ಕಪಾಟಿನಲ್ಲಿತ್ತು. ಅದಕ್ಕೆ ಜೀವ ಬರಿಸಿದೆ. ಆದರೆ ಕಂಟ್ರೋಲರ್ ಸಿಕ್ಕಿಸುವ ಎರಡು ಸಾಕೆಟ್ಟುಗಳಲ್ಲಿ ಒಂದು ಸುಟ್ಟಿತ್ತು. ಕಂಟ್ರೋಲರಂತೂ ಇರಲೇ ಇಲ್ಲ. ಉಳಿದ ಸಾಕೆಟ್ಟಿನ ಪಿನ್ನುಗಳಿಗೆ ತಂತಿಯ ತುದಿ ತಾಕಿಸಿ ಪರೀಕ್ಷಿಸುತ್ತ ಕುಳಿತಿದ್ದೆ. ಒಂದಕ್ಕೆ ತಾಕಿಸಿದರೆ ಪರದೆಯ ಪುಟ್ಟ ಮನುಷ್ಯ ಬಲಕ್ಕೆ ಓಡುವನು, ಇನ್ನೊಂದಕ್ಕೆ ಎಡಕ್ಕೆ, ಮತ್ತೊಂದಕ್ಕೆ ಟಣ್ಣನೆ ನೆಗೆಯುವನು.

ಬೆಳಗಿನ ವಾರ್ತೆ ಕೇಳಲು ಬಂದ ಆಚಾರ್ಯರು ವಾರ್ತೆಯನ್ನು ಮರೆತರು.

“ಏನಮ್ಮಾ ಇವನು, ಕಪಿ ಹಾಗೆ ನೆಗೀತಾನೆ?”

“ನೀರಿನ ಹಳ್ಳ ದಾಟಬೇಕು ಆಚಾರ್ಯರೇ. ಮೂಲೆಯಲ್ಲಿ ಅಂಕಿ ಇಳೀತಿದೆಯಲ್ಲ, ಸೊನ್ನೆ ಆಗೋದರೊಳಗೆ ದಾಟದಿದ್ದರೆ ಸಾಯ್ತಾನೆ. ಮೂರು ಜೀವ ಇದೆ ಅವನಿಗೆ.”

“ನಮಗಿಂತ ಎರಡು ಹೆಚ್ಚಾಯಿತು. ಕೊಡು ಇಲ್ಲಿ ಆ ತಂತಿ.”

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: “ಇದಕ್ಕೊಂದು ಸರಿಯಾದ ಸ್ವಿಚ್ಚು ಗಿಚ್ಚು ಮಾಡಮ್ಮ. ಬಸಪ್ಪನಿಗೆ ಮಾತ್ರ ತಿಳೀಬಾರದು. ನನ್ನ ಸರದಿ ಮುಗಿಯೋಕೆ ಬಿಡೋ ಆಸಾಮಿಯಲ್ಲ ಅವನು.”

ಮಧ್ಯಾಹ್ನ ಟ್ರಾನ್ಸಿಸ್ಟರಿಗೆ ಸೆಲ್ ಹಾಕಿಸಲು ಬಂದ ಕರಿಬಸಪ್ಪನವರೂ ಒಂದು ಗಂಟೆ ಕದಲಲಿಲ್ಲ. “ಕೈಯಲ್ಲಿ ಹಿಡಿಯೋಕೆ ಏನಾದರೂ ಮಾಡವ್ವ. ಆ ಅಳಸಿಂಗನಿಗೆ ಹೇಳಬೇಡ ಮತ್ತೆ. ನೆಗೆಯೋ ಮೊದಲು ನೆಗೆತದ ಅರ್ಥ ಹೇಳ್ತಾ ಕೂರ್ತಾನೆ.”

ಇಬ್ಬರಿಗೂ ತಲೆಯಾಡಿಸಿದೆ. ಇಬ್ಬರಿಗೂ ಗುರುವಾರ ನಾಲ್ಕು ಗಂಟೆಗೆ ಬರಲು ಹೇಳಿದೆ.

ಕೆಟ್ಟುಹೋದ ದೊಡ್ಡ ರೇಡಿಯೋದ ತೇಗದ ಹಲಗೆ ಬಿಚ್ಚಿ ಉಜ್ಜಿದೆ. ಮನೆಬಾಗಿಲ ಕಾಲಿಂಗ್ ಬೆಲ್ಲಿನ ಸ್ವಿಚ್ಚುಗಳನ್ನೇ ಗುಂಡಿಗಳಾಗಿ ಕೂರಿಸಿದೆ. ಅವು ಬಲು ಬಿಗಿ. ಮುದುಕರ ಬೆರಳಿಗೆ ಒಗ್ಗಲೆಂದು ಒಳಗಿನ ಸ್ಪ್ರಿಂಗಿನ ಎರಡೆರಡು ಸುತ್ತು ಕತ್ತರಿಸಿದೆ. ಎಡಕ್ಕೆ, ಬಲಕ್ಕೆ ಓಡಿಸುವ ಗುಂಡಿಗಳು ಹಲಗೆಯ ಒಂದು ಕೊನೆಯಲ್ಲಿ. ನೆಗೆಸುವ ಗುಂಡಿ ಇನ್ನೊಂದು ಕೊನೆಯಲ್ಲಿ. ನಡುವೆ ಬರಿಯ ಮರ. ಅಳತೆಗೆ ನನ್ನ ತೋಳುಗಳನ್ನೇ ಹಿಡಿದಿದ್ದೆ.

ಗುರುವಾರ ಆಚಾರ್ಯರು ಮೊದಲು ಬಂದರು. ಹಿಂದೆಯೇ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಕರಿಬಸಪ್ಪನವರು ಒಳಬಂದರು. ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು.

“ಇವನೂ ಬರ್ತಾನೆ ಅಂತ ಹೇಳಲಿಲ್ಲವಲ್ಲಮ್ಮ ನೀನು?”

“ಹೇಳಿದ್ದರೆ ಸ್ವಾಮಿಗಳು ಪಾದ ಬೆಳೆಸ್ತಿರಲಿಲ್ಲ, ಅದಕ್ಕೇ,” ಎಂದರು ಕರಿಬಸಪ್ಪನವರು.

“ಒಂದೇ ಸಾಕೆಟ್ಟು ಕೆಲಸ ಮಾಡೋದು,” ಎಂದೆ. “ಇರೋದೂ ಒಂದೇ ಹಲಗೆ.”

ನಾನು ಮುಂದಿನದನ್ನು ಹೇಳುವಷ್ಟರಲ್ಲಿ ಕರಿಬಸಪ್ಪನವರು ನಡುವೆ ಕುಳಿತು ಎರಡೂ ತೋಳು ಚಾಚಿದರು. ಅವರ ಎತ್ತರವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ! ಎರಡೂ ಕೊನೆಯ ಗುಂಡಿಗಳು ಅವರ ಬೆರಳಿಗೆ ಸಿಕ್ಕಿಬಿಟ್ಟವು.

“ನೋಡವ್ವ, ನನಗೆ ಯಾರ ಹಂಗೂ ಬೇಕಿಲ್ಲ.”

ಆದರೆ ಹಾಗೆ ಚಾಚಿದಾಗ ಅವರ ಮೂಗು ಹಲಗೆಗೆ ತಾಗುತ್ತಿತ್ತು. ಪರದೆ ಕಾಣದೆ ಓಡಿಸಿದರು; ಪುಟ್ಟ ಮನುಷ್ಯ ನೇರ ನೀರಿಗೆ ಬಿದ್ದ. ಎರಡನೆಯವನೂ ಬಿದ್ದ.

“ಗರುಡಗಂಬಕ್ಕೆ ನಮಸ್ಕಾರ ಮಾಡೋದು ನೋಡಿದ್ದೆ,” ಎಂದರು ಆಚಾರ್ಯರು, ಗೋಡೆಯ ಕಡೆ ಮುಖಮಾಡಿ. “ಗರುಡಗಂಬವೇ ಸಾಷ್ಟಾಂಗ ಹಾಕೋದು ಇವತ್ತೇ ಕಂಡಿದ್ದು.” ಅವರ ಹೊಟ್ಟೆ ಕುಲುಕುತ್ತಿತ್ತು.

“ಅಳತೆ ತಪ್ಪಿದೆ, ಎರಡು ದಿನ ಕೊಡಿ,” ಎಂದೆ.

“ಚಿಕ್ಕದು ಮಾಡ್ತೀಯಾ?”

“ಇಲ್ಲ. ಉದ್ದ ಮಾಡ್ತೀನಿ.”

ಇಬ್ಬರೂ ಒಮ್ಮೆಗೇ ನನ್ನ ಕಡೆ ತಿರುಗಿದರು.

ಎರಡು ಗೇಣು ಹಲಗೆ ಜೋಡಿಸಿದೆ. ತಂತಿಗಳನ್ನೂ ಅಷ್ಟೇ ಉದ್ದಕ್ಕೆ ಬೆಸೆದೆ. ಶನಿವಾರ ಇಬ್ಬರೂ ಬಂದರು. ತಾನು ಬರದಿದ್ದರೆ ಇನ್ನೊಬ್ಬ ಹೇಗಾದರೂ ಒಬ್ಬನೇ ಆಡಿಬಿಟ್ಟಾನು ಎಂಬ ಭಯ ಇಬ್ಬರಿಗೂ. ಎರಡು ಸ್ಟೂಲಿನ ಮೇಲೆ ಅಡ್ಡಲಾಗಿಟ್ಟ ಹಲಗೆಯ ಆ ಕೊನೆಗೊಬ್ಬರು, ಈ ಕೊನೆಗೊಬ್ಬರು ಕುಳಿತರು.

ಮೊದಲ ಅರ್ಧ ಗಂಟೆ ಬರಿಯ ಜಲಸಮಾಧಿ. ಕರಿಬಸಪ್ಪನವರು ನಿಲ್ಲದೆ ಓಡಿಸುವರು. ಆಚಾರ್ಯರು “ಈಗ ಏನಾಗುತ್ತೆ ಅಂದ್ರೆ” ಎಂದು ಶುರುಮಾಡಿ ಆಮೇಲೆ ಗುಂಡಿ ಒತ್ತುವರು. ಅಷ್ಟು ಹೊತ್ತಿಗೆ ನೀರಿನ ಮೇಲೆ ಗುಳ್ಳೆ ಮಾತ್ರ.

“ಒತ್ತಯ್ಯಾ ಅಂದ್ರೆ ಪುರಾಣ ಹೇಳ್ತೀಯ!”

“ನಿಲ್ಲಿಸಯ್ಯಾ ಅಂದ್ರೆ ಅಟ್ಟಿಸ್ಕೊಂಡು ಬಂದ ಕೋಣ ಓಡಿದ ಹಾಗೆ ಓಡ್ತೀಯ!”

ಎಷ್ಟನೆಯ ಸಲವೋ ಕಾಣೆ, ಕರಿಬಸಪ್ಪನವರು ಸುಸ್ತಾಗಿ ಪುಟ್ಟ ಮನುಷ್ಯನನ್ನು ಹಳ್ಳದ ಅಂಚಿಗೆ ತಂದು ನಿಲ್ಲಿಸಿದರು. ಅವರ ಎಡಗೈ ಗುಂಡಿಯ ಮೇಲಿತ್ತು. ಸುಮ್ಮನಿದ್ದ ಬಲಗೈ ತನ್ನಷ್ಟಕ್ಕೇ ಹಲಗೆಯ ಮೇಲೆ ಅಂಗಾತವಾಯಿತು. ಆಚಾರ್ಯರು ಪರದೆ ನೋಡುತ್ತಿರಲಿಲ್ಲ, ಆ ಅಂಗೈಯನ್ನು ನೋಡಿದರು. ಟಕ್ ಎಂದು ಒತ್ತಿದರು. ಪುಟ್ಟ ಮನುಷ್ಯ ಆಚೆ ದಡದಲ್ಲಿದ್ದ.

“ದಾಟಿದ!” ಎಂದು ಕೂಗಿದವಳು ನಾನು. ಜೋರು ದನಿ ಎತ್ತಿದ ಅಭ್ಯಾಸವೇ ಇಲ್ಲದ ನನ್ನ ಕೂಗಿಗೆ ಎದುರಿನ ಹೂವಿನ ಅಂಗಡಿಯ ಗಿರಿಜಮ್ಮ ಅರ್ಧ ಕಟ್ಟಿದ ಮಾಲೆಯೊಂದಿಗೇ ಓಡಿಬಂದಳು. ಅಂಗೈ, ಟಕ್, ಅಂಗೈ, ಟಕ್. ಎರಡನೆಯ ಹಳ್ಳ, ಮೂರನೆಯದು, ಏಳನೆಯದು. ಇಬ್ಬರು ಮುದುಕರೂ ಮಕ್ಕಳಂತೆ ಸ್ಟೂಲಿನಿಂದ ಎದ್ದೆದ್ದು ಕೂರುತ್ತಿದ್ದರು. ಗಿರಿಜಮ್ಮ ಪ್ರತಿ ನೆಗೆತಕ್ಕೂ “ಅಯ್ಯಪ್ಪಾ” ಎನ್ನುತ್ತಿದ್ದಳು.

ಎಂಟನೆಯದು ಅಗಲವಾದ ಹಳ್ಳ, ತುಂಬು ನೀರು. ಕರಿಬಸಪ್ಪನವರು ಅಂಚಿನಲ್ಲಿ ನಿಲ್ಲಿಸಿ ಅಂಗೈ ತೆರೆದರು. ಆಚಾರ್ಯರು ಒತ್ತಲಿಲ್ಲ.

“ಅವತ್ತು ನಾನು ಹೇಳ್ತಿದ್ದುದೂ ಇದೇ,” ಎಂದರು. “ಹಳ್ಳಕ್ಕೆ ಹೀಗೇ ನೀರು ಬಂದಿತ್ತು. ನನಗೆ ಈಜು ಬರದು. ಜೊತೆಗಿದ್ದ ಹುಡುಗ ತನ್ನ ಟವೆಲಿನ ತುದಿ ನನ್ನ ಕೈಗೆ ಸುತ್ತಿ, ತಾನು ಮುಂದೆ ಇಳಿದ. ‘ನಾನು ಹೇಳಿದಾಗ ಮಾತ್ರ ಕಾಲೆತ್ತು’ ಅಂದ. ಸಾರಥಿ ಅಂದ್ರೆ ಅಂಥವನು ಅಂತ ಸಭೆಗೆ ಹೇಳೋದಿತ್ತು ಬಸಪ್ಪ. ಆ ಹುಡುಗ ಇಗೋ, ಪುಸ್ತಕ ಹಿಡಿದು ಇಲ್ಲೇ ಕೂತಿದ್ದಾನೆ ಅಂತ ಹೇಳೋದಿತ್ತು. ನೀನು ಬಿಡಲಿಲ್ಲ.”

ಗಿರಿಜಮ್ಮನ ಬೆರಳುಗಳು ದಾರದ ಮೇಲೆ ನಿಂತವು. ಪರದೆಯ ಮೂಲೆಯಲ್ಲಿ ಅಂಕಿ ಇಳಿಯುತ್ತಿತ್ತು.

“ಕೆಂಪು ಟವೆಲು ಅದು,” ಎಂದರು ಕರಿಬಸಪ್ಪನವರು ಕೊನೆಗೆ. “ನಮ್ಮವ್ವ ಬೈದಳು, ಹರಿದು ತಂದೆ ಅಂತ.”

“ಹರಿದಿದ್ದು ನನ್ನ ಭಾರಕ್ಕೆ.”

“ಆಗಲೂ ಗುಂಡುಗುಂಡಗೇ ಇದ್ದೆಯಲ್ಲ.” ಕರಿಬಸಪ್ಪನವರು ಗುಂಡಿಯಿಂದ ಕೈ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. “ಆಮೇಲೆ? ಹೇಳು. ಪೂರ್ತಿ ಹೇಳಿ ಮುಗಿಸು.”

ಆಚಾರ್ಯರು ಹೇಳಿದರು. ಹಳ್ಳದಿಂದ ಶಾಲೆಗೆ, ಶಾಲೆಯಿಂದ ಮೇಷ್ಟರ ಬೆತ್ತಕ್ಕೆ, ಬೆತ್ತದಿಂದ ಹೇಗೋ ಮತ್ತೆ ರಥಕ್ಕೆ ಬಂದರು. ಕರಿಬಸಪ್ಪನವರು ಒಮ್ಮೆಯೂ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ, ಪುಸ್ತಕವಿಲ್ಲದೆ, ಕಣ್ಣು ಮುಚ್ಚಿ, ಮುಂದಿನ ಪದ್ಯವನ್ನು ಅಲ್ಲಿಯೇ ಮೆಲ್ಲನೆ ಎತ್ತಿಕೊಂಡರು.

ನಾನು ಕೈಚಾಚಿ ಟಿವಿಯ ಸದ್ದನ್ನು ಪೂರ್ತಿ ತಗ್ಗಿಸಿದೆ. ಈ ನಡುವೆ ಎರಡು ಸಲ ಅಂಕಿ ಸೊನ್ನೆಯಾಗಿ ಎರಡು ಜೀವ ಕಳೆದುಕೊಂಡ ಪುಟ್ಟ ಮನುಷ್ಯ, ಪರದೆಯ ಮೇಲೆ ಕೊನೆಯ ಜೀವ ಹಿಡಿದು ನೀರಿನ ಅಂಚಿನಲ್ಲಿ ನಿಂತಿದ್ದ. ಅಂಕಿ ಮತ್ತೆ ಸೊನ್ನೆಗೆ ಇಳಿಯುತ್ತಿತ್ತು. ಯಾರೂ ಅತ್ತ ನೋಡಲಿಲ್ಲ.