ಒಂದು ಬೆರಳು ಕಡಿಮೆ

ಚೆಂಡು ಮೆತ್ತಗಿದೆ, ಎಷ್ಟು ಕೈಗಳು ಹಿಂಡಿ ಬಿಟ್ಟಿವೆಯೋ, ಒಂದು ಕಡೆ ಸಿಪ್ಪೆ ಎದ್ದು ಒಳಗಿನ ಹಳದಿ ಸ್ಪಂಜು ಕಾಣುತ್ತಿದೆ, ಒತ್ತಿ ಬಿಡಿ ಅಮ್ಮ, ಒತ್ತಿ ಬಿಡಿ, ಎನ್ನುತ್ತಾಳೆ ನರ್ಸು, ಒತ್ತುತ್ತೇನೆ, ಬಿಡುತ್ತೇನೆ, ಎಡಗೈ ಮಡಿಕೆಯಲ್ಲಿ ಸೂಜಿ ಇದೆಯೆಂದು ಗೊತ್ತು, ಅತ್ತ ನೋಡುವುದಿಲ್ಲ, ಸೂಜಿಯಿಂದ ಹೊರಟ ಕೊಳವೆಯನ್ನಷ್ಟೇ ನೋಡುತ್ತೇನೆ, ಅದು ಮಂಚದಿಂದ ಇಳಿದು ಕೆಳಗೊಂದು ಪುಟ್ಟ ಯಂತ್ರದ ತಟ್ಟೆಯ ಮೇಲಿರುವ ಚೀಲಕ್ಕೆ ಹೋಗಿದೆ, ತಟ್ಟೆ ಆ ಕಡೆ ವಾಲುತ್ತದೆ, ಈ ಕಡೆ ವಾಲುತ್ತದೆ, ಚೀಲದ ತಳದಲ್ಲಿ ನನ್ನ ರಕ್ತ ಆ ಕಡೆ ಹೋಗಿ ಈ ಕಡೆ ಬರುತ್ತದೆ — ಇಷ್ಟು ಕಪ್ಪೇ ಇದು, ಐವತ್ತೇಳು ವರ್ಷ ಮೈಯೊಳಗೆ ಹೊತ್ತು ತಿರುಗಿದರೂ ಬಣ್ಣ ಗೊತ್ತಿರಲಿಲ್ಲ ನೋಡು, ಚಿಕ್ಕಿ ಇಲ್ಲಿದ್ದಿದ್ದರೆ, ಅಕ್ಕ, ನಿನ್ನ ರಕ್ತಕ್ಕೂ ಮುಖ ಗಂಟು ಹಾಕ್ಕೊಳ್ಳೋಕೆ ಬರುತ್ತೆ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಈಗ ನಗದೆಯೂ ಹೊಟ್ಟೆ ಹಿಡಿದುಕೊಳ್ಳುತ್ತಾಳೆ, ಇದೇ ಆಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ, ಗರ್ಭಕೋಶದಲ್ಲಿ ಗಡ್ಡೆ ಇಟ್ಟುಕೊಂಡು ಐದು ವಾರದಿಂದ ರಕ್ತ ಹೋಗಿ ಹೋಗಿ ಸುಣ್ಣದ ಗೋಡೆಯ ಹಾಗಾಗಿದ್ದಾಳೆ, ನಾಳೆ ಬೆಳಗ್ಗೆ ಏಳಕ್ಕೆ ಆಪರೇಷನ್, ಎರಡು ಚೀಲ ಪಕ್ಕದಲ್ಲಿ ಇದ್ದರೆ ಮಾತ್ರ ಕೈ ಹಾಕ್ತೀನಿ ಎಂದಿದ್ದಾರೆ ಡಾಕ್ಟರು, ಒಂದು ಈ ರಕ್ತನಿಧಿಯವರ ತಣ್ಣನೆ ಪೆಟ್ಟಿಗೆಯಲ್ಲೇ ಇದೆ, ಇನ್ನೊಂದು ಈ ತಟ್ಟೆಯ ಮೇಲೆ ತೂಗುತ್ತಿದೆ. ಸುಲಭಕ್ಕೆ ಸಿಗದ ಗುಂಪಂತೆ ಅವಳದು, ಮೈದುನ ವಾರವೆಲ್ಲ ಕಂಡವರ ಬಾಗಿಲು ತಟ್ಟಿ ಕೊನೆಗೆ ನಮ್ಮ ಮನೆ ಗೋಡೆಯ ಮೊಳೆಗೆ ತೂಗುಹಾಕಿದ್ದ ನನ್ನ ಕಾರ್ಖಾನೆಯ ಕಾರ್ಡನ್ನು ನೋಡಿದ, ಹೆಸರಿನ ಕೆಳಗೆ ಅದೇ ಗುಂಪು, ಅತ್ತಿಗೆ, ಇಷ್ಟು ದಿನ ಇಲ್ಲೇ ನೇತಾಡ್ತಿತ್ತಲ್ಲ ಇದು, ಎಂದು ಹೊಸ್ತಿಲ ಮೇಲೇ ಕೂತುಬಿಟ್ಟ — ಓರಗಿತ್ತಿಯರು ನಾವು, ಅಣ್ಣನಿಗೆ ನಾನು, ತಮ್ಮನಿಗೆ ಅವಳು, ನನ್ನ ಮಕ್ಕಳು ಚಿಕ್ಕಮ್ಮನನ್ನು ಚಿಕ್ಕಿ ಚಿಕ್ಕಿ ಎಂದು ಕರೆದು ನನ್ನ ಬಾಯಲ್ಲೂ ಅವಳು ಚಿಕ್ಕಿಯೇ ಆದಳು, ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡವರು, ಮೂವತ್ತು ವರ್ಷದಲ್ಲಿ ಒಂದು ಪರದೆಯ ಬಣ್ಣಕ್ಕೂ ಒಮ್ಮತ ಬಾರದವರು, ನಲ್ಲಿ ನೀರಿಗೆ ಜಗಳವಾಡಿ ಎಂಟು ತಿಂಗಳು ಮಾತು ಬಿಟ್ಟವರು, ಒಳಗೆ ನೋಡಿದರೆ ಒಂದೇ ಗುಂಪು.

ಎಷ್ಟಾಯ್ತಮ್ಮ, ಎಂದು ಕೇಳುತ್ತೇನೆ, ಈಗ ತಾನೆ ಶುರುವಾಗಿದೆ, ಆರಾಮಾಗಿ ಮಲಗಿ, ಎನ್ನುತ್ತಾಳೆ, ಆರಾಮಾಗಿಯೇ ಇದ್ದೇನೆ, ಕಿವಿಯ ಹತ್ತಿರ ಒಂದು ಸೊಳ್ಳೆ ಇದ್ದ ಹಾಗಿದೆ ಅಷ್ಟೆ, ಬೆಳಗ್ಗೆಯಿಂದ ಕಾಲು ನೆಲಕ್ಕೆ ನಿಂತಿಲ್ಲ, ಅದಕ್ಕೇ ಇರಬೇಕು, ಚಿಕ್ಕಿಯ ಚೀಟಿ ಇನ್ನೂ ನನ್ನ ಕೈಚೀಲದಲ್ಲಿದೆ, ಆಸ್ಪತ್ರೆಯ ಮಂಚದ ಮೇಲೆ ಕೂತು ಔಷಧಿ ಪೊಟ್ಟಣದ ಹಿಂಬದಿಯಲ್ಲಿ ಬರೆದುಕೊಟ್ಟದ್ದು, ಕನ್ನಡಕದ ಕಡ್ಡಿ ಕೂರಿಸುವುದು, ಕುಕ್ಕರಿಗೆ ರಬ್ಬರು, ಹಿಂಬಾಗಿಲ ಬೀಗಕ್ಕೆ ಇನ್ನೊಂದು ಕೀಲಿ, ಸ್ಕ್ಯಾನಿನ ಚಿತ್ರ, ಹವಾಯಿ ಚಪ್ಪಲಿ ಒಂದು ಜೊತೆ, ಎಲ್ಲಕ್ಕಿಂತ ಕೆಳಗೆ, ಚಪ್ಪಲಿಯ ಕೆಳಗೆ, ರಕ್ತ — ಇದೇನೇ, ರಕ್ತಾನೂ ಅಂಗಡಿ ಸಾಮಾನಿನ ಸಾಲಿಗೆ ಸೇರಿಸಿದೀಯಲ್ಲ ಎಂದರೆ, ಬರೀದೇ ಇದ್ರೆ ನೀನು ಮರೀತೀಯ ಅಕ್ಕ, ಬರೆದ್ರೆ ಪ್ರಾಣ ಹೋದ್ರೂ ಬಿಡಲ್ಲ ಎಂದಳು, ನನ್ನನ್ನು ಅಷ್ಟು ಬಲ್ಲಳು, ಬರೆದ ಸಾಲಿನಲ್ಲೇ ಮಾಡುವುದು ನನ್ನ ಅಭ್ಯಾಸ, ಒಂದು ಮುಗಿಯದೆ ಎರಡಕ್ಕೆ ಹೋಗುವವಳಲ್ಲ, ಕನ್ನಡಕದ ಅಂಗಡಿಯವನು ಈಗ ಬಂದೆ ಎಂದು ಹೋದವನು ಒಂದೂವರೆ ಗಂಟೆ ಕೂರಿಸಿದ, ಗೋಡೆಯ ಕನ್ನಡಿಗಳಲ್ಲೆಲ್ಲ ನಾನೇ, ಹತ್ತು ಕಡೆಯಿಂದ ಬಾಡಿದ ಮುಖ, ಹೊಟ್ಟೆ ಗುಡುಗುಡು ಎಂದಿತು, ತಡಿ ಎಂದೆ, ಸಂಜೆವರೆಗೆ ತಡಿ, ರಕ್ತ ಕೊಡುವುದಿದೆ. ಅದು ನನಗೆ ಯಾರೂ ಹೇಳಿದ್ದಲ್ಲ, ಹನ್ನೊಂದು ವರ್ಷ ನನ್ನವರ ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ಪರೀಕ್ಷೆಗೆ ರಕ್ತ ಕೊಡಿಸಿದ್ದೇನೆ, ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ, ಒಂದು ಗುಟುಕು ಚಹಾ ಕುಡಿದ್ರೂ ವಾಪಸ್ಸು, ಒಮ್ಮೆ ಅವರು ಕದ್ದು ಬಿಸ್ಕತ್ತು ತಿಂದದ್ದಕ್ಕೆ ನಿಜವಾಗಿಯೂ ವಾಪಸ್ಸು ಕಳಿಸಿದ್ದರು, ಮೀಸೆಯಲ್ಲಿ ಚೂರು ಸಿಕ್ಕಿಬಿದ್ದಿತ್ತು, ಅವರು ಹೋಗಿ ಎರಡು ವರ್ಷವಾಯಿತು, ಆ ಮಾತು ನನ್ನ ಮೈಯಲ್ಲಿ ಉಳಿದಿದೆ, ರಕ್ತ ಅಂದರೆ ಖಾಲಿ ಹೊಟ್ಟೆ, ಬೆಳಗ್ಗೆ ಮೈದುನ ಗೋಡೆಯಾಚೆಯಿಂದ ಚಹಾ ತಂದ, ಅವಳು ಹೇಳಿದಾಳೆ, ಅಕ್ಕನಿಗೆ ತಪ್ಪಿಸಬೇಡಿ ಅಂತ, ನನ್ನವರು ಹೋದ ದಿನದಿಂದ ದಿನಾ ಹಿತ್ತಲ ಮೋಟುಗೋಡೆಯ ಮೇಲೆ ಒಂದು ಲೋಟ ಚಹಾ ಇಡುತ್ತಾಳೆ ಚಿಕ್ಕಿ, ಕುಡಿ ಎನ್ನುವುದಿಲ್ಲ, ಸುಮ್ಮನೆ ಇಟ್ಟು ಲೋಟ ಟಕ್ ಅನ್ನಿಸಿ ಹೋಗುತ್ತಾಳೆ, ಇವತ್ತು ಆ ಲೋಟಕ್ಕೆ ತಟ್ಟೆ ಮುಚ್ಚಿಟ್ಟು ಬಂದೆ, ಬೇಡಪ್ಪ, ರಕ್ತ ಕೊಡೋಳು ನಾನು, ನೀರೂ ಮುಟ್ಟಲ್ಲ ಎಂದೆ, ಹೌದಾ ಅತ್ತಿಗೆ ಎಂದ, ಅವನಿಗೇನು ಗೊತ್ತು, ದೊಡ್ಡ ಕೆಲಸ ಮಾಡಿದವಳ ಹಾಗೆ ಎದೆಯುಬ್ಬಿಸಿ ಬೀದಿಗೆ ಇಳಿದೆ.

ಕೌಂಟರಿಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ, ನಾಲ್ಕಕ್ಕೆ ಮುಚ್ತೀವಿ, ಚೀಲ ರಾತ್ರಿ ಪರೀಕ್ಷೆಗೆ ಹೋಗ್ಬೇಕು, ಬೇಗ ತುಂಬಿ ಎಂದು ಹಾಳೆ ಕೊಟ್ಟರು, ಒಂದೊಂದೇ ಪ್ರಶ್ನೆ ಓದಿ ಗುರುತು ಹಾಕುತ್ತಾ ಬಂದೆ, ಜ್ವರ ಇದೆಯೇ, ಇಲ್ಲ, ಹಲ್ಲು ಕೀಳಿಸಿದ್ದೀರಾ, ಇಲ್ಲ, ಕಳೆದ ನಾಲ್ಕು ಗಂಟೆಯಲ್ಲಿ ಊಟ ಮಾಡಿದ್ದೀರಾ — ಪೆನ್ನು ನಿಂತಿತು, ಮತ್ತೆ ಓದಿದೆ, ಕೆಳಗೆ ಸಣ್ಣ ಅಕ್ಷರದಲ್ಲಿ, ಖಾಲಿ ಹೊಟ್ಟೆಯಲ್ಲಿರುವವರು ರಕ್ತ ಕೊಡುವಂತಿಲ್ಲ, ಗೋಡೆಯ ಗಡಿಯಾರ ನೋಡಿದೆ, ಎಂಟು ನಿಮಿಷ, ಹೋಗಿ ತಿಂದು ಬರುವಷ್ಟರಲ್ಲಿ ಬಾಗಿಲು ಹಾಕುತ್ತಾರೆ, ನಾಳೆ ಬೆಳಗ್ಗೆ ಏಳಕ್ಕೆ ಎರಡನೆಯ ಚೀಲ ಎಲ್ಲಿ ಎಂದು ಕೇಳುತ್ತಾರೆ, ಈಗಾಗಲೇ ಎರಡು ಸಲ ದಿನ ಮುಂದೆ ಹೋಗಿದೆ, ಇನ್ನೊಂದು ಸಲ ಹೋದ್ರೆ ಇವರ ಮೈಯಲ್ಲಿ ತಡಕೊಳ್ಳೋ ಶಕ್ತಿ ಇರಲ್ಲ ಎಂದು ಡಾಕ್ಟರು ನನ್ನೆದುರೇ ಹೇಳಿದ್ದರು, ಹೌದು ಎಂದು ಗುರುತು ಹಾಕಿದೆ. ಊಟ ಆಯ್ತಾ ಅಮ್ಮ, ಎಂದು ನರ್ಸು ಬಾಯಲ್ಲೂ ಕೇಳಿದಳು, ಆಯ್ತು, ಚೆನ್ನಾಗಿ ಮಾಡಿದ್ರಾ, ಎರಡು ಸಲ ಬಡಿಸ್ಕೊಂಡೆ ಎಂದೆ, ಅಷ್ಟು ಬೇಕಿತ್ತೇ, ಒಂದು ಸಲ ಎಂದರೆ ಸಾಕಿತ್ತು, ಬೆರಳು ಚುಚ್ಚಿ ಒಂದು ಹನಿಯನ್ನು ನೀಲಿ ನೀರಿಗೆ ಬಿಟ್ಟಳು, ಹನಿ ಸೀದಾ ತಳಕ್ಕೆ ಇಳಿಯಿತು, ಭಾರವಾಗಿದೆ, ಒಳ್ಳೆ ರಕ್ತ ಎಂದಳು, ನನಗೆ ಹಿಗ್ಗಾಯಿತು, ಆ ಹಿಗ್ಗಿನಲ್ಲೇ ಬಂದು ಮಲಗಿದ್ದೇನೆ, ಒತ್ತಿ ಬಿಡಿ, ಒತ್ತುತ್ತೇನೆ, ಸೊಳ್ಳೆ ಈಗ ಎರಡೂ ಕಿವಿಯಲ್ಲಿ ಇದೆ, ಅಂಗೈ ಬೆವತು ಚೆಂಡು ಜಾರುತ್ತಿದೆ, ನಾಲಗೆ ಒಣಗಿ ಅಂಗುಳಕ್ಕೆ ಅಂಟಿದೆ, ಹೇಳಬೇಕೇ, ಹೇಳಿದರೆ ಸೂಜಿ ಕೀಳುತ್ತಾರೆ, ಬೇಡ, ಚೀಲ ನೋಡು, ಅರ್ಧಕ್ಕೆ ಬಂದಿದೆ, ಇನ್ನು ಅರ್ಧ, ಬಾಟಲಿ ಲೆಕ್ಕದಲ್ಲಿ ನೋಡು, ಇಪ್ಪತ್ತಾರು ವರ್ಷ ನೋಡಿದ್ದು ಅದನ್ನೇ ತಾನೆ — ಕೆಮ್ಮಿನ ಸಿರಪ್ಪಿನ ಕಾರ್ಖಾನೆ, ಬೆಳಕು ಹಚ್ಚಿದ ಬಿಳಿ ಹಲಗೆ, ಅದರ ಮುಂದೆ ಸ್ಟೂಲಿನ ಮೇಲೆ ನಾನು, ಕಂದು ಬಾಟಲಿಗಳು ಸಾಲಾಗಿ ಸರಿಯುತ್ತವೆ, ಕುತ್ತಿಗೆಯ ಗೆರೆಗೆ ಮಟ್ಟ ಬಂದಿದ್ದರೆ ಹೋಗಲಿ, ಒಂದು ಬೆರಳು ಕಡಿಮೆಯಿದ್ದರೆ ಎತ್ತು, ಪಕ್ಕದ ಕೆಂಪು ಡಬ್ಬಿಗೆ ಹಾಕು, ಮಟ್ಟದಕ್ಕ ಎಂದೇ ಕರೆಯುತ್ತಾರೆ ನನ್ನನ್ನು ಅಲ್ಲಿ, ಮಟ್ಟದಕ್ಕನ ಕಣ್ಣು ತಪ್ಪಿಸಿ ಅರ್ಧ ಬಾಟಲಿ ಆಚೆ ಹೋಗಲ್ಲ ಎಂದು ಮೇಸ್ತ್ರಿ ಬಂದವರಿಗೆಲ್ಲ ತೋರಿಸುತ್ತಾನೆ, ಹೊಸದರಲ್ಲಿ ನಾನು ಎತ್ತಿಟ್ಟ ಬಾಟಲಿ ಹಿಡಿದು ಮರುಗಿದ್ದೆ, ಪಾಪ, ಇಷ್ಟಕ್ಕೇ ತೆಗೀಬೇಕಾ ಎಂದು, ಬಾಟಲೀದು ತಪ್ಪಲ್ಲಮ್ಮ, ತುಂಬೋ ನಳಿಗೆಗೆ ಗಾಳಿ ಹಿಡಿದಿದೆ ಎಂದಿದ್ದ, ಸಂಜೆಗೆ ಕೆಂಪು ಡಬ್ಬಿಯದನ್ನೆಲ್ಲ ಮತ್ತೆ ತೊಟ್ಟಿಗೆ ಸುರಿಯುತ್ತೇವೆ, ಏನೂ ದಂಡ ಆಗುವುದಿಲ್ಲ, ಏನೂ — ಒತ್ತಿ ಅಮ್ಮ, ಯಾಕೆ ನಿಲ್ಲಿಸಿದ್ರಿ, ಅಮ್ಮ, ಇಲ್ಲಿ ನೋಡಿ, ನನ್ನ ಕಡೆ ನೋಡಿ, ನೋಡುತ್ತಿದ್ದೇನಲ್ಲ, ಬಿಳಿ ಹಲಗೆಯ ಬೆಳಕು ಎಷ್ಟು ಜೋರಾಗಿ ಹಚ್ಚಿದ್ದಾರೆ ಇವತ್ತು, ಬಾಟಲಿಗಳೇ ಕಾಣುತ್ತಿಲ್ಲ.

ಕಾಲು ಮೇಲಿದೆ, ತಲೆ ಕೆಳಗಿದೆ, ಯಾರದೋ ಒದ್ದೆ ಕೈ ಹಣೆಯ ಮೇಲೆ, ಎಷ್ಟು ಹೊತ್ತಿಗೆ ಊಟ ಮಾಡಿದ್ರಿ ನಿಜ ಹೇಳಿ, ಎನ್ನುತ್ತಾಳೆ ನರ್ಸು, ನಿನ್ನೆ ಸಂಜೆ ಎನ್ನುತ್ತೇನೆ, ಅಷ್ಟು ಹೇಳುವುದಕ್ಕೆ ಹೊಸದಾಗಿ ಮಾತು ಕಲಿತವಳ ಹಾಗೆ ತಡವರಿಸುತ್ತೇನೆ, ಅವಳು ಬಯ್ಯುವುದಿಲ್ಲ, ಬಯ್ದಿದ್ದರೆ ಒಳ್ಳೆಯದಿತ್ತು, ಮಡಿಕೆಗೆ ಹತ್ತಿ ಒತ್ತಿ ಕೈ ಮಡಚಿಸಿ ಹಣ್ಣಿನ ರಸದ ಪೊಟ್ಟಣಕ್ಕೆ ಕೊಳವೆ ಚುಚ್ಚಿ ಬಾಯಿಗೆ ಇಡುತ್ತಾಳೆ, ಸೂಜಿ ತೆಗೆದಾಗಿದೆ, ಯಾವಾಗ ತೆಗೆದಳೋ, ಎಷ್ಟಾಯ್ತು ಎನ್ನುತ್ತೇನೆ, ಮೊದ್ಲು ಕುಡೀರಿ, ಎಷ್ಟಾಯ್ತು ಹೇಳಮ್ಮ, ಇನ್ನೂರ ನಲವತ್ತು, ಬೇಕಾದ್ದೆಷ್ಟು, ಮುನ್ನೂರ ಐವತ್ತು, ಅಷ್ಟನ್ನೇ ಕೊಡಿ ಪರವಾಗಿಲ್ಲ, ಇಲ್ಲದ್ದಕ್ಕಿಂತ ಅಷ್ಟಾದ್ರೂ ಆಗುತ್ತಲ್ಲ ಎನ್ನುತ್ತೇನೆ, ತಲೆಯಾಡಿಸುತ್ತಾಳೆ, ಹಾಗೆ ಬರಲ್ಲ ಅಮ್ಮ, ರಕ್ತ ಹೆಪ್ಪುಗಟ್ಟಬಾರ್ದು ಅಂತ ಚೀಲದಲ್ಲಿ ಮುಂಚೇನೇ ಔಷಧಿ ಇರುತ್ತೆ, ಮುನ್ನೂರ ಐವತ್ತಕ್ಕೆ ಅಂತ ಅಳೆದು ಹಾಕಿರೋದು, ಕಮ್ಮಿ ರಕ್ತಕ್ಕೆ ಅದು ಹೆಚ್ಚಾಗುತ್ತೆ, ಯಾರಿಗೂ ಹಾಕೋ ಹಾಗಿಲ್ಲ, ಹಾಗಾದ್ರೆ ಇದನ್ನ ಏನ್ ಮಾಡ್ತೀರಿ, ತೆಗೆದಿಡ್ತೀವಿ, ಎಲ್ಲಿ, ಅವಳ ಕಣ್ಣು ಮೂಲೆಗೆ ಹೋಗುತ್ತದೆ, ಅಲ್ಲಿ ಮುಚ್ಚಳವಿರುವ ಕೆಂಪು ಡಬ್ಬಿ ಇದೆ, ನಾನು ಕೇಳಬೇಕಾಗಿರಲಿಲ್ಲ, ಇನ್ನೊಂದು ಕೈ ಇದೆಯಲ್ಲ, ಬಲಗೈ, ಈಗ ರಸ ಕುಡಿದೆ, ಬೇಕಾದರೆ ಕೂತು ಊಟ ಮಾಡಿ ಬರ್ತೀನಿ, ನೀವು ಒಂದರ್ಧ ಗಂಟೆ ಬಾಗಿಲು ಹಾಕ್ಬೇಡಿ ಎನ್ನುತ್ತೇನೆ, ಇನ್ನು ಕೆಲವು ತಿಂಗಳು ನಿಮ್ಮಿಂದ ಒಂದು ಹನಿ ತಗೊಳ್ಳೋ ಹಾಗಿಲ್ಲ ಅಮ್ಮ — ತಿಂಗಳು, ನಾಳೆ ಏಳು ಗಂಟೆಯ ಮುಂದೆ ನಿಂತು ತಿಂಗಳು ಎನ್ನುತ್ತಾಳೆ, ಒಂದು ಚಹಾ, ಮುಚ್ಚಿಟ್ಟ ಆ ಒಂದು ಲೋಟ ಚಹಾ, ಎರಡು ಬಿಸ್ಕತ್ತು, ಕನ್ನಡಕದ ಅಂಗಡಿಯ ಪಕ್ಕದಲ್ಲೇ ಇತ್ತು ತಿಂಡಿಯ ಅಂಗಡಿ, ವಾಸನೆ ಬಂದರೆ ಮೂಗು ಮುಚ್ಚಿಕೊಂಡೆ, ಅಥವಾ ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ಮಾಡಿದ್ದರೆ, ಚಪ್ಪಲಿಗೆ ನಾಳೆ ಹೋಗಿದ್ದರೆ, ಯಾರು ಕೇಳುತ್ತಿದ್ದರು ಚಪ್ಪಲಿಯನ್ನು. ಬಾಗಿಲ ಗಾಜಿನಲ್ಲಿ ಒಂದು ಮುಖ, ಮೈದುನ, ಒಳಗೆ ಬರಬಹುದಾ ಎಂದು ಕೈಸನ್ನೆ, ಬಂದೇಬಿಟ್ಟ, ಮಂಚದ ಕಾಲಬಳಿ ನಿಂತು ನಗುತ್ತಿದ್ದಾನೆ, ಐದು ವಾರದಿಂದ ಕ್ಷೌರ ಕಾಣದ ಮುಖ ನಗುವುದನ್ನು ಮರೆತು ಮತ್ತೆ ಕಲಿತ ಹಾಗಿದೆ, ಅತ್ತಿಗೆ, ಸುಸ್ತಾಯ್ತಾ, ಕುಡೀರಿ ಕುಡೀರಿ, ಅವಳಿಗೆ ಹೇಳ್ಬಿಟ್ಟೆ, ಕೆಳಗಡೆ ಅಕ್ಕ ಮಲಗಿದಾರೆ, ಕೊಡ್ತಾ ಇದಾರೆ ಅಂತ, ಹಾಗಾದ್ರೆ ಆಯ್ತು ಬಿಡಿ, ಅಕ್ಕ ಹಿಡಿದ ಕೆಲಸ ಅರ್ಧಕ್ಕೆ ಬಿಡೋಳಲ್ಲ ಅಂದ್ಳು, ಅಂದೋಳು ಗೋಡೆ ಕಡೆ ತಿರುಗಿ ಮಲಗಿದ್ಳು ನೋಡಿ, ಎರಡು ದಿನದಿಂದ ರೆಪ್ಪೆ ಮುಚ್ಚಿರ್ಲಿಲ್ಲ, ಗೊರಕೆ ಹೊಡೀತಿದಾಳೆ ಈಗ, ನಾನು ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದೇನೆ, ಬಿಟ್ಟರೆ ಮಾತಾಡಬೇಕಾಗುತ್ತದೆ, ನರ್ಸು ನನ್ನ ಮುಖ ನೋಡುತ್ತಾಳೆ, ಅವನ ಮುಖ ನೋಡುತ್ತಾಳೆ, ನೀವೇ ಹೇಳ್ತೀರಾ ಎಂಬಂತೆ ನಿಂತಿದ್ದಾಳೆ, ಹೇಳುತ್ತೇನೆ, ಈ ಪೊಟ್ಟಣ ಮುಗಿಯಲಿ, ಪೊಟ್ಟಣ ಮುಗಿದಿದೆ, ಗಾಳಿ ಬರುತ್ತಿದೆ, ಗಾಳಿಯನ್ನೇ ಎಳೆಯುತ್ತಿದ್ದೇನೆ, ಯಂತ್ರವನ್ನು ಯಾರೂ ಆರಿಸಿಲ್ಲ, ತಟ್ಟೆ ಆ ಕಡೆ ವಾಲುತ್ತದೆ, ಈ ಕಡೆ ವಾಲುತ್ತದೆ, ಚೀಲದ ಮೇಲ್ಭಾಗ ಅಂಟಿಕೊಂಡು ಚಪ್ಪಟೆಯಾಗಿದೆ, ಕೆಳಗೆ ರಕ್ತ ಆ ಕಡೆ ಹೋಗಿ ಈ ಕಡೆ ಬರುತ್ತದೆ, ಗೆರೆಗೆ ಮುಟ್ಟುವುದಿಲ್ಲ, ಮತ್ತೆ ಆ ಕಡೆ, ಮತ್ತೆ ಈ ಕಡೆ, ಗೆರೆಗೆ ಮುಟ್ಟುವುದಿಲ್ಲ —