ಊದಿದ ಕರುಳು

“ಈ ನಾತ ಎಲ್ಲಿಂದ ಬರ್ತಿದೆಯಪ್ಪಾ?”

ಟೀಚರಮ್ಮ ಕೇಳಿದ್ದು ಯಾರನ್ನೂ ಅಲ್ಲ; ಸೂರು ನೋಡುತ್ತ ಕೇಳಿದಳು. ಆದರೂ ತರಗತಿಯ ತಲೆಗಳೆಲ್ಲ ತಿರುಗಿದ್ದು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ನೆಲದ ಮೇಲೆ ಕೂತಿದ್ದ ಹುಡುಗಿಯ ಕಡೆಗೆ. ಬೆಂಚುಗಳಲ್ಲಿ ಬೇಕಾದಷ್ಟು ಜಾಗವಿತ್ತು. ಹುಡುಗಿ ಮೊಣಕಾಲ ನಡುವೆ ಮುಖ ಹುದುಗಿಸಿಕೊಂಡಳು.

ಅವಳ ತಾಯಿ ಕಿಟಕಿಯಾಚೆ ನಿಂತು ಎಲ್ಲವನ್ನೂ ನೋಡಿದಳು. ಬರಹೇಳಿದ್ದರು, ಬಂದಿದ್ದಳು. ಕಸಾಯಿಖಾನೆಯಲ್ಲಿ ಕುರಿಯ ಕರುಳು ತೊಳೆಯುವ ಹೆಂಗಸು ಅವಳು. ಹೊರಡುವ ಮುಂಚೆ ಸೋಪು ಹಚ್ಚಿ ಕೈ ಕೆಂಪಾಗುವಷ್ಟು ಉಜ್ಜಿದ್ದಳು. ಆ ನಾತವೋ, ಉಗುರಿನೊಳಗೇ ಮನೆ ಮಾಡಿಕೊಂಡಿತ್ತು.

ಟೀಚರಮ್ಮ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಹೊರಬಂದಳು. “ನೋಡಮ್ಮ, ಶುಕ್ರವಾರ ಮೇಲಿಂದ ಸಾಹೇಬರು ಬರ್ತಾರೆ. ಈಗ ಹೊಸ ಪದ್ಧತಿ. ಪ್ರತಿ ಮಗುವಿನ ಮನೆ, ಕಸುಬು, ಸಂಸ್ಕೃತಿ ಎಲ್ಲಾನೂ ಪಾಠದೊಳಗೆ ತರಬೇಕು, ಅಪ್ಕೋಬೇಕು. ನಿಮ್ಮದೂ ಏನಾದ್ರೂ ತನ್ನಿ.”

“ನಮ್ಮದಾ?”

“ನಿಮ್ಮದೇ. ನಾಚ್ಕೋಬೇಡಿ. ನೋಡೋಕೆ ಲಕ್ಷಣವಾಗಿದ್ರೆ ಸಾಕು.”

“ಹಾಗಾದ್ರೆ ಮಗಳನ್ನ ಬೆಂಚಿನ ಮೇಲೆ ಕೂರಿಸ್ತೀರಾ?”

“ಅವತ್ತು ಮುಂದಿನ ಬೆಂಚೇ.”

“ಆಮೇಲೂ?”

“ಎಲ್ಲಾ ಸರಿಯಾಗಿ ನಡೀಲಿ, ನೋಡೋಣ.”

ಕಸಾಯಿಖಾನೆಯ ತೊಟ್ಟಿಯ ಪಕ್ಕ ಕೂತು ಈ ಸುದ್ದಿ ಹೇಳಿದಾಗ, ಚೂರಿಗೆ ಎರಡು ಬೆರಳು ಕೊಟ್ಟಿದ್ದ ಮೋಟಜ್ಜಿ ಪಕ್ಕಕ್ಕೆ ಉಗಿದಳು. “ಏ ಮಂಕೇ, ದೊಡ್ಡೋರ ಬಾಯಲ್ಲಿ ಸಂಸ್ಕೃತಿ ಅಂದ್ರೆ ಹಾಡು, ಕುಣಿತ, ಬಣ್ಣದ ಬಟ್ಟೆ ಕಣೇ. ನಿನ್ನ ಹಿಕ್ಕೆ ಬಕೆಟ್ಟಲ್ಲ.”

“ನಮಗೆಲ್ಲಿದೆ ಅಜ್ಜಿ ಕುಣಿತ? ನಿಂತೂ ನಿಂತೂ ಕಾಲು ಕಂಬ ಆಗಿದೆ.”

“ಬೆರಳು ಹೋದಾಗ ನಾನು ಕುಣಿದಿದ್ನಲ್ಲ, ಅದನ್ನೇ ತೋರಿಸು ಹೋಗು!”

ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಕ್ಕು ಮುಗಿದ ಮೇಲೆ ಅವಳು ಕರುಳಿನ ರಾಶಿಯೊಳಗೆ ಕೈ ಹಾಕಿ, ಎಲ್ಲಕ್ಕಿಂತ ಬೆಳ್ಳಗಿದ್ದದ್ದನ್ನು, ಎಲ್ಲೂ ಸೀಳಿಲ್ಲದ್ದನ್ನು ಆರಿಸಿದಳು. ಒಳಗಿನದೆಲ್ಲ ಹಿಂಡಿದಳು, ಮಗುಚಿದಳು, ಉಪ್ಪು ಹಚ್ಚಿ ತಿಕ್ಕಿದಳು, ನೀರು ತಿಳಿಯಾಗುವವರೆಗೂ ಜಾಲಿಸಿದಳು. ಮದುವೆಗೆ ಹೆಣ್ಣನ್ನು ಸಿಂಗರಿಸಿದ ಹಾಗೆ.

ಶುಕ್ರವಾರ ಸಾಹೇಬರೆದುರು ಮಕ್ಕಳ ಮನೆಯವರ ಸರದಿ. ದರ್ಜಿ ಬಂದು ರಿಬ್ಬನ್ನಿನ ಹೂವು ಹೊಲಿದುಕೊಟ್ಟ. ಸಾಹೇಬರು ಅದನ್ನು ಎದೆಗೆ ಸಿಕ್ಕಿಸಿಕೊಂಡರು. ಕುಂಬಾರನೊಬ್ಬ ಪುಟ್ಟ ಹಣತೆ ಕೊಟ್ಟ. ಸಾಹೇಬರು ಬಿಸ್ಕತ್ತು ಜಗಿಯುತ್ತ “ಭೇಷ್” ಎಂದರು. ಮುಂದಿನ ಬೆಂಚಿನಲ್ಲಿದ್ದ ಹುಡುಗಿ ಎರಡು ಕೈಯಲ್ಲೂ ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು, ಯಾರಾದರೂ ಎಲ್ಲಿ ಎಳೆದುಕೊಂಡು ಹೋಗುತ್ತಾರೋ ಎಂಬಂತೆ.

ತಾಯಿ ಬಕೆಟ್ಟಿನ ಮುಚ್ಚಳ ತೆಗೆದಳು. ಕರುಳಿನ ಒಂದು ತುದಿ ಗಂಟು ಹಾಕಿ ಇನ್ನೊಂದು ತುದಿಗೆ ಬಾಯಿಟ್ಟು ಊದಿದಳು. ಅದು ಬೆಳ್ಳಗೆ ಉಬ್ಬುತ್ತ, ಸುರುಳಿ ಬಿಚ್ಚುತ್ತ, ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆಯವರೆಗೂ ಹೊರಳಿತು.

“ತೂತಿದ್ರೆ ಹೀಗೆ ಊದಿದಾಗ ಗೊತ್ತಾಗುತ್ತೆ, ಮಕ್ಕಳೇ.”

ಇಡೀ ತರಗತಿ ಹೋ ಎಂದಿತು. ದರ್ಜಿಯ ಮಗ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. “ಆಂಟಿ, ನಮ್ಮೊಳಗೂ ಇದೆಯಾ?”

“ಇಲ್ದೆ ಮತ್ತೆ? ಸಾಹೇಬರೊಳಗೂ ಇದೆ.”

“ಇದ್ರೊಳಗೆ ಏನಿತ್ತು?”

“ಹಿಕ್ಕೆ. ನಾನೇ ತೆಗೆದೆ.”

“ಕೈಯಲ್ಲಾ?”

“ಕೈಯಲ್ಲೇ.”

“ನಮ್ಮಮ್ಮ,” ಎಂದಳು ಹುಡುಗಿ, ಹಿಂದಿನ ಬೆಂಚುಗಳಿಗೂ ಕೇಳುವಂತೆ. ಮಕ್ಕಳು ಜಾಗ ಬಿಟ್ಟು ಬಂದು ಮುತ್ತಿಕೊಂಡರು. ಮುಟ್ಟಲು ನಾನು ತಾನು ಎಂದು ತಳ್ಳಾಡಿದರು.

ಸಾಹೇಬರ ಮುಖ ಬಿಳಿಚಿತು. ಬಾಯಿಗೆ ಕೈ ಹೋಗುವಷ್ಟರಲ್ಲಿ ಕುಡಿದ ಚಹಾ, ತಿಂದ ಬಿಸ್ಕತ್ತು, ಅದಕ್ಕೂ ಮುಂಚೆ ತಿಂದದ್ದು ಎಲ್ಲವೂ ಹೊರಬಂದು ಮೇಜಿನ ಮೇಲೆ, ಎದೆಯ ಹೂವಿನ ಮೇಲೆ, ನೆಲದ ಮೇಲೆ ಚೆಲ್ಲಿತು.

“ಥೂ, ಹಲ್ಕಾ ಮುಂಡೆ!” ಸಾಹೇಬರ ಹಿಂದೆ ನಿಂತಿದ್ದ ಹೆಡ್‌ಮಾಸ್ಟರು ಹಾರಿಬಂದರು. “ಯಾವಳೇ ನಿನಗೆ ಇದನ್ನ ತರೋಕೆ ಹೇಳಿದ್ದು?”

ಅವಳು ಟೀಚರಮ್ಮನನ್ನು ನೋಡಿದಳು. ಟೀಚರಮ್ಮ ಗೋಡೆ ನೋಡುತ್ತಿದ್ದಳು.

“ಬೈಬೇಡಿ, ಬೈಬೇಡಿ,” ಎಂದರು ಸಾಹೇಬರು, ಗದ್ದ ಒರೆಸಿಕೊಂಡು ಬಾಗಿಲ ಕಡೆಗೆ ಹಿಮ್ಮೆಟ್ಟುತ್ತ. “ಅದು ಅವರ ಸಂಸ್ಕೃತಿ. ನಾವು ಗೌರವಿಸಬೇಕು.” ಹಾಗೆನ್ನುತ್ತಲೇ ಹೊರಗೆ ಓಡಿದರು. ಜಗುಲಿಯಿಂದ ಮತ್ತೆ ಓಕರಿಕೆಯ ಸದ್ದು ಕೇಳಿತು.

ಟೀಚರಮ್ಮ ಹುಡುಗಿಯ ರಟ್ಟೆ ಹಿಡಿದು ಬೆಂಚಿನಿಂದ ಎಬ್ಬಿಸಿ ನೆಲಕ್ಕೆ ಕುಕ್ಕಿದಳು. ಹುಡುಗಿ ಅಳಲಿಲ್ಲ. ಅಮ್ಮನನ್ನೇ ನೋಡಿದಳು.

ಹೆಡ್‌ಮಾಸ್ಟರು ದನಿ ಇಳಿಸಿದರು. “ಆಗಿದ್ದು ಆಯ್ತು ಬಿಡಮ್ಮ. ಸಾಹೇಬರು ಒಳಗೆ ಬರೋಷ್ಟರಲ್ಲಿ ಇದನ್ನೆಲ್ಲ ಬಳಿದುಬಿಡು. ನಿನಗಾದ್ರೆ ರೂಢಿ. ಬೇಕಿದ್ರೆ ಮಗಳನ್ನ ಬೆಂಚಲ್ಲೇ ಕೂರಿಸ್ತೀವಿ. ವರ್ಷ ಪೂರ್ತಿ. ಆಯ್ತಾ?”

ಅವಳು ಬಗ್ಗಿದಳು. ಹೆಡ್‌ಮಾಸ್ಟರು ಸಮಾಧಾನದ ಉಸಿರು ಬಿಟ್ಟರು. ಆದರೆ ಅವಳು ಬಗ್ಗಿದ್ದು ಮಗಳ ಕಂಕುಳಿಗೆ ಕೈ ಕೊಡಲು. ಎತ್ತಿ, ಮುಂದಿನ ಬೆಂಚಿನ ನಟ್ಟನಡುವೆ ಕೂರಿಸಿ, ಲಂಗ ಸರಿಮಾಡಿದಳು. ಆಮೇಲೆ ನೆಟ್ಟಗೆ ನಿಂತಳು.

“ಕುರಿದು ತೊಳೀತೀನಿ, ಸ್ವಾಮಿ. ಅದು ಸತ್ತಿರುತ್ತೆ. ಸಾಹೇಬರು ಬದುಕಿದ್ದಾರಲ್ಲ, ಬಂದು ಬಳ್ಕೊಳ್ಳಲಿ. ನಾನು ಬಳಿಯಲ್ಲ.”